ಹದಿನಾರು ಮನೆಯ ಮಣೆ

ಅರವತ್ತಕ್ಕೆ ಅರಳು ಮರಳು ಎನ್ನುವ ಗಾದೆಯನ್ನು ಯಾರು ಹುಟ್ಟಿಸಿದರೋ, ನನ್ನ ಪಾಲಿಗಂತೂ ಅದು ಲೆಕ್ಕ ಹಾಕಿ ಹೇಳಿದಂತೆ ಬಂತು. 2024ರಲ್ಲಿ ಅರವತ್ತು ತುಂಬಿ ಅಂಚೆ ಕಚೇರಿಯ ಕೆಲಸದಿಂದ ನಿವೃತ್ತಳಾದೆ. ಹಾರ, ಶಾಲು, ಹಣ್ಣಿನ ಬುಟ್ಟಿ, ಫೋಟೋ ಎಲ್ಲ ಮುಗಿದು ಮನೆ ಸೇರಿದ ಮೂರನೆಯ ವಾರ ಒಂದು ಬೆಳಿಗ್ಗೆ, "ನನಗೊಂದು ಡ್ರಮ್ ಪ್ಯಾಡ್ ಬೇಕು" ಎಂದೆ. ಮನೆಯವರು ಪೇಪರಿನಿಂದ ಮುಖ ತೆಗೆಯದೆ, "ಬಿಪಿ ಮಾತ್ರೆ ತಗೊಂಡೆಯಾ?" ಎಂದು ಕೇಳಿದರು.

ಅವರದೇನೂ ತಪ್ಪಿಲ್ಲ. ನನ್ನ ಜೊತೆ ನಿವೃತ್ತರಾದ ಹೆಂಗಸರು ಯಾರೂ ಇಂಥದ್ದನ್ನು ಕೇಳಲಿಲ್ಲ. ಒಬ್ಬಳು ಕಾಶಿಗೆ ಹೋಗಿಬಂದಳು. ಒಬ್ಬಳು ಅವಲಕ್ಕಿ ಸರ ಮಾಡಿಸಿಕೊಂಡಳು. ಇನ್ನೊಬ್ಬಳು ಅಡುಗೆಮನೆಗೆ ಗ್ರಾನೈಟ್ ಹಾಕಿಸಿದಳು. ನಾನು ಮಾತ್ರ ರಬ್ಬರಿನ ಚೌಕಗಳಿರುವ ಒಂದು ಪೆಟ್ಟಿಗೆ ಕೇಳಿದ್ದೆ.

ಡ್ರಮ್ ಪ್ಯಾಡ್ ಎಂದರೆ ಏನೆಂದು ನಿಮಗೆ ಹೇಳಬೇಕು. ಚೌಕಾಬಾರದ ಮಣೆ ನೆನಪು ಮಾಡಿಕೊಳ್ಳಿ. ಅಡ್ಡಕ್ಕೆ ಐದು, ಉದ್ದಕ್ಕೆ ಐದು ಮನೆ. ಅದರಲ್ಲಿ ಒಂದೊಂದು ಸಾಲು ತೆಗೆದರೆ ನಾಲ್ಕು ನಾಲ್ಕಲಿ ಹದಿನಾರು ಮನೆ ಉಳಿಯುತ್ತದೆ. ಒಂದೊಂದು ಮನೆಯೂ ಒಂದು ರಬ್ಬರಿನ ದಿಂಬು. ಅದನ್ನು ತಂತಿಯಿಂದ ಕಂಪ್ಯೂಟರಿಗೆ ಸಿಕ್ಕಿಸಿ ಬೆರಳಿನಿಂದ ತಟ್ಟಿದರೆ ಒಂದು ಮನೆಯಲ್ಲಿ ತಬಲಾ, ಇನ್ನೊಂದರಲ್ಲಿ ತಮಟೆ, ಮತ್ತೊಂದರಲ್ಲಿ ಗೆಜ್ಜೆ, ನಾವು ಯಾವುದನ್ನು ಕೂರಿಸಿದ್ದೇವೋ ಅದು ಕೇಳುತ್ತದೆ. ಈ ಹದಿನಾರು ಮನೆಯ ಮಾದರಿಯನ್ನು ರೂಢಿಗೆ ತಂದದ್ದು 1988ರಲ್ಲಿ ಬಂದ ಎಂಪಿಸಿ 60 ಎಂಬ ಯಂತ್ರ. ಅಮೆರಿಕದ ರೋಜರ್ ಲಿನ್ ಅದನ್ನು ಜಪಾನಿನ ಅಕಾಯ್ ಕಂಪನಿಗಾಗಿ ರೂಪಿಸಿದರು. ಇಂದಿನ ಸಿನಿಮಾ ಹಾಡುಗಳಲ್ಲಿ ನಾವು ಕೇಳುವ ತಾಳವಾದ್ಯಗಳಲ್ಲಿ ಎಷ್ಟೋ ಇಂಥ ಮಣೆಗಳ ಮೇಲೆ ಬೆರಳಾಡಿಸಿಯೇ ಹುಟ್ಟಿದವು.

ಇದೆಲ್ಲ ನನಗೇಕೆ ಬೇಕಾಯಿತು ಎನ್ನುವುದಕ್ಕೆ ಐವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಸಾಗರದ ಹತ್ತಿರದ ಹಳ್ಳಿ ನನ್ನ ತವರು. ದೊಡ್ಡಪ್ಪ ಮದ್ದಳೆಗಾರರು. ಮಳೆಗಾಲದಲ್ಲಿ ನಮ್ಮ ಜಗಲಿಯಲ್ಲಿ ತಾಳಮದ್ದಳೆ ನಡೆದರೆ ಬೆಳಗಿನ ಜಾವದವರೆಗೂ ಮಾತು, ಪದ, ಮದ್ದಳೆ. ಅರ್ಥ ಹೇಳುವವರ ವಾದ ನನಗೆ ತಿಳಿಯುತ್ತಿರಲಿಲ್ಲ. ಕಣ್ಣೆಲ್ಲ ದೊಡ್ಡಪ್ಪನ ಬೆರಳಿನ ಮೇಲೆ. ಅಣ್ಣನಿಗೆ ಹನ್ನೊಂದು ತುಂಬಿದಾಗ ಅವನನ್ನು ಎದುರಿಗೆ ಕೂರಿಸಿಕೊಂಡು ಪಾಠ ಶುರುಮಾಡಿದರು. ನನಗೆ ಒಂಬತ್ತು. ನಾನು ಒಳಗೆ ಬಾಗಿಲ ಸಂದಿಯಲ್ಲಿ ಅಕ್ಕಿ ಆರಿಸುತ್ತಾ ಮರದ ಬೆನ್ನಿನ ಮೇಲೆ ಅದೇ ಪಾಠ ತಟ್ಟುತ್ತಿದ್ದೆ. ಅಣ್ಣನಿಗೆ ಮನಸ್ಸೆಲ್ಲ ಕ್ರಿಕೆಟ್ಟಿನ ಮೇಲೆ. ವಾರಕ್ಕೊಂದು ಪಾಠ ಅವನು ಮರೆಯುತ್ತಿದ್ದ, ನಾನು ಕಲಿಯುತ್ತಿದ್ದೆ.

ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಮದ್ದಳೆಯ ಮುಂದೆ ಕೂತು ಬಾರಿಸಿಯೇಬಿಟ್ಟೆ. ಎಷ್ಟು ಹೊತ್ತು ಬಾರಿಸಿದೆನೋ. ತಲೆ ಎತ್ತಿದರೆ ಎದುರಿಗೆ ಅಜ್ಜಿ, ಅವಳ ಹಿಂದೆ ದೊಡ್ಡಪ್ಪ. "ಹೆಣ್ಣು ಹುಡುಗಿ ಚರ್ಮ ಬಡಿಯುವುದು ಅಂದರೇನೇ?" ಎಂದು ಅಜ್ಜಿ ಕಿವಿ ಹಿಂಡಿದಳು. ದೊಡ್ಡಪ್ಪ ಬೈಯಲಿಲ್ಲ. ನನ್ನ ಕೈ ನೋಡಿ, "ಈ ಕೈ ಅವನಿಗಿರಬೇಕಿತ್ತು" ಎಂದರು. ಅಷ್ಟೇ. ಮರುದಿನದಿಂದ ಮದ್ದಳೆಯನ್ನು ಅಟ್ಟದ ಹತ್ತಿರ ಎತ್ತರದ ಗೂಟಕ್ಕೆ ತೂಗುಹಾಕಿದರು.

ಆ ಮಾತನ್ನು ನಾನು ಬಹಳ ವರ್ಷ ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೆ, ಪೆಟ್ಟಿಗೆಯ ತಳದ ರೇಷ್ಮೆ ಸೀರೆಯ ಹಾಗೆ. ನಾನೂ ಒಬ್ಬ ಮಗಳ ತಾಯಿಯಾದ ಮೇಲೆ ಒಂದು ದಿನ ತೆಗೆದು ನೋಡಿದರೆ ಅದರ ಮಡಿಕೆ ಮಡಿಕೆಯೂ ಹರಿದಿತ್ತು.

ಆಮೇಲೆ ಓದು, 1986ರಲ್ಲಿ ಅಂಚೆ ಇಲಾಖೆಯ ನೌಕರಿ, ಮದುವೆ. ಮೂವತ್ತೆಂಟು ವರ್ಷದ ನೌಕರಿಯಲ್ಲಿ ಎಷ್ಟೋ ಕಾಲ ಕಾಗದಗಳ ಮೇಲೆ ಮೊಹರು ಹೊಡೆದೆ. ಶಾಯಿಯ ಪ್ಯಾಡಿಗೊಂದು, ಕಾಗದಕ್ಕೊಂದು. ಟಪ್ ಟಕ್, ಟಪ್ ಟಕ್. ಕೈಗೆ ಬೇಸರ ಬಂದಾಗ ನಡುವೆ ಮೇಜಿನ ಅಂಚಿಗೂ ಒಂದು ಸೇರಿಸಿ ಮೂರೆಳೆಯ ನಡೆ ಮಾಡಿಕೊಳ್ಳುತ್ತಿದ್ದೆ. ಸಹೋದ್ಯೋಗಿಗಳು, "ಮೇಡಮ್ಮಿನ ಮೊಹರಿಗೂ ರಾಗ ಉಂಟು" ಎಂದು ನಗುತ್ತಿದ್ದರು. ರಾಗವಲ್ಲ, ತಾಳ ಎಂದು ತಿದ್ದಬೇಕೆನಿಸುತ್ತಿತ್ತು, ತಿದ್ದಲಿಲ್ಲ.

"ಹಾಗಾದರೆ ಮದ್ದಳೆಯನ್ನೇ ಕೊಳ್ಳಬಾರದೇ, ಈ ರಬ್ಬರು ಯಾಕೆ?" ಎಂದು ನೀವು ಕೇಳಬಹುದು. ನನ್ನ ಮಗಳೂ ಕೇಳಿದಳು. ಕಾರಣ ಎರಡು. ಒಂದು, ಬಲಗೈ ಹೆಬ್ಬೆರಳಿನ ಸಂದು ಸವೆದಿದೆ. ಮದ್ದಳೆಯ ಪೂರ್ತಿ ಪೆಟ್ಟು ದಿನಾ ತಡೆಯುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಎರಡು, ನಮ್ಮ ಮನೆಯಲ್ಲಿ ಎಂಬತ್ತೆಂಟರ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಅವರು ನಿದ್ದೆ ಮಾಡಿದ ಹೊತ್ತೇ ನನಗೆ ಬಿಡುವು, ಆ ಹೊತ್ತಿನಲ್ಲಿ ಮದ್ದಳೆ ಬಾರಿಸಲಾದೀತೇ? ಈ ಮಣೆಯಾದರೋ ಇಯರ್‌ಫೋನ್ ಹಾಕಿಕೊಂಡರೆ ಯಾರಿಗೂ ಕೇಳಿಸುವುದಿಲ್ಲ. ಯಾರಿಗೂ ಕೇಳಿಸುವುದಿಲ್ಲ ಎನ್ನುವುದು ನನಗೆ ಆಗ ದೊಡ್ಡ ಅನುಕೂಲವಾಗಿ ಕಂಡಿತ್ತು.

ಮಗಳು ಬೆಂಗಳೂರಿನಲ್ಲಿದ್ದಾಳೆ. ತನ್ನ ಹಳೆಯ ಲ್ಯಾಪ್‌ಟಾಪ್ ಕೊಡುವೆನೆಂದಳು. ಅವಳ ಮನೆಗೆ ಹೋದಾಗ ಒಂದು ಮಧ್ಯಾಹ್ನ ನಾನೊಬ್ಬಳೇ ವಾದ್ಯಗಳ ಅಂಗಡಿ ಹುಡುಕಿಕೊಂಡು ಹೋದೆ. ಅಂಗಡಿಯ ಹುಡುಗ ಒಳ್ಳೆಯವನೇ. ನನ್ನ ಕೈಚೀಲ, ಹತ್ತಿ ಸೀರೆ ನೋಡಿ, "ಮೊಮ್ಮಗನಿಗಾ ಆಂಟಿ?" ಎಂದ.

ನಾನು "ಹೌದು" ಎಂದುಬಿಟ್ಟೆ.

ಬಾಯಿಂದ ಬಂದ ಮೇಲೆ ಕಿವಿ ಬಿಸಿಯಾಯಿತು. ಇಲ್ಲದ ಮೊಮ್ಮಗನಿಗೆ ಅವನು ತೋರಿಸಿದ್ದೆಲ್ಲ ದೀಪ ಮಿನುಗುವ ಮಣೆಗಳು. ಮುಟ್ಟಿ ನೋಡಬೇಕೆನಿಸಿದರೂ ಮೊಮ್ಮಗನ ಸಾಮಾನನ್ನು ಅಜ್ಜಿ ಬಾರಿಸಿ ನೋಡುವುದೇ? ಒಂದು ಪ್ರಶ್ನೆಯನ್ನೂ ಕೇಳಲಾರದೆ, ಅವನನ್ನು ಕೇಳಿ ಬರುತ್ತೇನೆ ಎಂದು ಹೊರಬಿದ್ದೆ.

ಸುಳ್ಳಿಗೆ ದಂಡ ತೆರಲೇಬೇಕು. ನಾಚಿಕೆಯಿಂದ ಅಂಗಡಿಗೆ ಮತ್ತೆ ಹೋಗದೆ, ಮಗಳ ಪರಿಚಯದವರ ಕಡೆಯಿಂದ ಒಂದು ಹಳೆಯ ಪ್ಯಾಡನ್ನು ಅಗ್ಗಕ್ಕೆ ತರಿಸಿದೆ. ಊರಿಗೆ ತಂದು ಸಿಕ್ಕಿಸಿದರೆ, ಮೆಲ್ಲಗೆ ತಟ್ಟಿದರೆ ಅದು ಮಾತೇ ಆಡದು. ಜೋರಾಗಿ ಬಡಿದರೆ ಒಂದಕ್ಕೆ ಎರಡು ಸದ್ದು. ಹದಿನಾರರಲ್ಲಿ ಮೂರು ಮನೆ ಪೂರಾ ಮೂಕ. ಹೆಬ್ಬೆರಳು ಊದಿತು. ಆದರೆ ಆ ಕೆಟ್ಟ ಪ್ಯಾಡು ನನಗೆ ಗುರುವಾಯಿತು. ಒಳ್ಳೆಯದರಲ್ಲಿ ಏನಿರಬೇಕೆಂದು ಕೆಟ್ಟದ್ದರಷ್ಟು ಚೆನ್ನಾಗಿ ಯಾರೂ ಕಲಿಸಲಾರರು. ಇದು ಕುಕ್ಕರಿಗೂ ಸಲ್ಲುವ ಮಾತು.

ಮೊದಲು ತಿಳಿದದ್ದು, ಈ ಮಣೆಯೊಳಗೆ ಸದ್ದೇ ಇಲ್ಲ ಎನ್ನುವುದು. ಹಿಂದೆ ನಾವು ಮನಿಯಾರ್ಡರ್ ಫಾರಂ ಕಳಿಸುತ್ತಿದ್ದೆವಲ್ಲ, ಅದರೊಳಗೆ ಹಣ ಇರುತ್ತಿತ್ತೇ? ಯಾರಿಗೆ, ಎಷ್ಟು ಎಂಬ ಬರಹ ಮಾತ್ರ. ಆಚೆ ಊರಿನಲ್ಲಿ ಹಣ ಎಣಿಸಿ ಕೊಡುತ್ತಿದ್ದರು. ಪ್ಯಾಡು ಕೂಡ ಕಂಪ್ಯೂಟರಿಗೆ ಇಂಥ ಮನೆ, ಇಷ್ಟು ಜೋರು ಎಂದು ಚೀಟಿ ಕಳಿಸುತ್ತದೆ, ಸದ್ದು ಕೊಡುವುದು ಕಂಪ್ಯೂಟರು. ಈ ಚೀಟಿಯ ಭಾಷೆಗೆ ಮಿಡಿ ಎಂದು ಹೆಸರು, 1983ರಿಂದ ಬಳಕೆಯಲ್ಲಿದೆ. ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದರ ಮಾತು ಒಂದಕ್ಕೆ ತಿಳಿಯುವಂತಾದದ್ದು ಅದರಿಂದಲೇ. ಎಷ್ಟೋ ಪ್ಯಾಡುಗಳಲ್ಲಿ ಎಡಗಡೆಯ ಕೆಳಗಿನ ಮೊದಲ ಮನೆಗೆ 36 ಎಂಬ ಸಂಖ್ಯೆ ಇರುತ್ತದೆ. ವಾಡಿಕೆಯಂತೆ ಅದು ದೊಡ್ಡ ಡ್ರಮ್ಮಿನ ಮನೆ. ಹಾಗಾಗಿ ಪ್ಯಾಡಿನ ಸದ್ದು ಚೆನ್ನಾಗಿದೆಯೇ ಎಂದು ಅಂಗಡಿಯಲ್ಲಿ ಕೇಳಿದರೆ ಅರ್ಥವಿಲ್ಲ. ಅದರ ಸ್ಪರ್ಶ ಚೆನ್ನಾಗಿದೆಯೇ ಎಂದು ಕೇಳಬೇಕು.

ಆ ಸ್ಪರ್ಶಕ್ಕೂ ಒಂದು ಅಳತೆ ಇದೆ. ಚೀಟಿಯಲ್ಲಿ ಪೆಟ್ಟಿನ ಜೋರನ್ನು ಒಂದರಿಂದ 127ರವರೆಗಿನ ಅಂಕಿಯಲ್ಲಿ ಬರೆಯುತ್ತದೆ. ಒಳ್ಳೆಯ ಪ್ಯಾಡು ಮಗುವಿನ ಬೆನ್ನು ತಟ್ಟಿದಂಥ ತಟ್ಟನ್ನು ಹತ್ತೋ ಹನ್ನೆರಡೋ ಎಂದು ಬರೆದುಕೊಳ್ಳುತ್ತದೆ, ಬಾಗಿಲು ಬಡಿದಂಥದ್ದನ್ನು 120 ಎಂದು. ಕೆಲವು ಪ್ಯಾಡುಗಳಲ್ಲಿ ಈ ಅಳತೆಯೇ ಇಲ್ಲ. ಅರವತ್ತನಾಲ್ಕು ಬಣ್ಣದ ಮನೆಗಳಿರುವ ಲಾಂಚ್‌ಪ್ಯಾಡ್ ಮಿನಿ ನೋಡಲು ಬಲು ಚೆಂದ. ಆದರೆ ಅದು ತುಣುಕುಗಳನ್ನು ಶುರುಮಾಡುವ, ನಿಲ್ಲಿಸುವ ಗುಂಡಿಗಳ ಮಣೆ. ಮೆಲ್ಲಗೆ ಮುಟ್ಟಿದರೂ ಜೋರಾಗಿ ಮುಟ್ಟಿದರೂ ಅದಕ್ಕೆ ಒಂದೇ. ಅದೇ ಕಂಪನಿಯ ಲಾಂಚ್‌ಪ್ಯಾಡ್ ಎಕ್ಸ್‌ನಲ್ಲಿ ಜೋರು ಮೆದುವಿನ ಭೇದ ಉಂಟು. ಹೆಸರು ಒಂದೇ ಎಂದು ಕೊಂಡರೆ ಮೋಸಹೋದಂತೆ. ಮುಟ್ಟಿದ್ದು ಹೇಗೆ ಎನ್ನುವುದು ತಿಳಿಯದ ವಸ್ತುವಿನ ಮುಂದೆ ನಾನಂತೂ ಕೂರಲಾರೆ, ಅದು ಎಷ್ಟೇ ದೀಪ ಹಚ್ಚಿಕೊಂಡಿರಲಿ.

ಎಷ್ಟು ಮನೆ ಬೇಕು ಎನ್ನುವುದಕ್ಕೆ ನನಗೆ ಮದ್ದಳೆಯೇ ಉತ್ತರ ಕೊಟ್ಟಿತು. ಮದ್ದಳೆಯ ಒಂದೇ ಮುಚ್ಚಿಗೆಯಲ್ಲಿ ಅಂಚಿಗೆ ಬಿದ್ದ ಬೆರಳಿಗೆ ಒಂದು ನಾದ, ಕರಣೆಯ ನಡುವೆ ಬಿದ್ದದ್ದಕ್ಕೆ ಇನ್ನೊಂದು, ಅಂಗೈ ಊರಿ ಮುಚ್ಚಿ ಹೊಡೆದರೆ ಮತ್ತೊಂದು. ರಬ್ಬರಿನ ಮನೆಗೆ ಅಂಚೂ ನಡುವೂ ಒಂದೇ. ಆದ್ದರಿಂದ ಒಂದೊಂದು ಪೆಟ್ಟಿಗೂ ಒಂದೊಂದು ಮನೆ ಬೇಕು. ಬಲಕ್ಕೆ ಐದಾರು, ಎಡಕ್ಕೆ ಮೂರು, ತಾಳಕ್ಕೊಂದು, ಚಂಡೆಗೆರಡು. ಎಂಟು ಮನೆಯ ಎಲ್‌ಪಿಡಿ 8 ಕೈಚೀಲದಲ್ಲಿ ಹಿಡಿಸುತ್ತದೆ, ಬೆಲೆಯೂ ಹಗುರ. ಆದರೆ ನನಗೆ ಸಾಲದು. ಹಾಗೆಂದು ಕಂಪ್ಯೂಟರೇ ಬೇಡದ, ತನ್ನೊಳಗೇ ಎಲ್ಲ ಇರುವ ಎಂಪಿಸಿ ಯಂತ್ರಕ್ಕೆ ಹೋದರೆ ನನ್ನ ಪಿಂಚಣಿಗೆ ಮೀರಿದ್ದು. ಮನೆಯಲ್ಲಿ ಒಲೆ ಇರುವಾಗ ಪಾತ್ರೆ ಕೊಂಡರೆ ಸಾಕಲ್ಲವೇ?

ರಬ್ಬರಿಗೆ ಬಾರದ ಇನ್ನೊಂದಿದೆ, ಗುಮಕಿ. ಎಡಗೈ ಒತ್ತಿ ಜಾರಿಸಿ ನಾದವನ್ನು ಏರಿಸುವುದು. ತಟ್ಟಿದ ಮೇಲೂ ಒತ್ತಡ ಅಳೆಯುವ ಪ್ಯಾಡಾದರೆ ಒತ್ತಿದಷ್ಟೂ ಸ್ವರ ಏರುವಂತೆ ಕಂಪ್ಯೂಟರಿನಲ್ಲಿ ಜೋಡಿಸಿಕೊಳ್ಳಬಹುದು. ದೊಡ್ಡಪ್ಪನ ಗುಮಕಿ ಅಲ್ಲ ಅದು. ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ.

ಇಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆ ಹೊತ್ತಿಗೇ ಸುಕನ್ಯಾ ರಾಮ್‌ಗೋಪಾಲ್ ಅವರ ವಿಷಯ ಓದಿದೆ. ವಿಕ್ಕು ವಿನಾಯಕರಾಮ್ ಅವರ ಶಿಷ್ಯೆಯಾಗಿ ಘಟ ಕಲಿತು, ಬೆಂಗಳೂರಿನಲ್ಲಿ ನೆಲೆಸಿ, ಹೆಣ್ಣುಮಕ್ಕಳದೇ 'ಸ್ತ್ರೀ ತಾಳ ತರಂಗ' ಕಟ್ಟಿದವರು. ಅಷ್ಟೊಂದು ಜನರ ಮುಂದೆ ಘಟ ಇಟ್ಟುಕೊಂಡು ಕೂರುವ ಹೆಂಗಸಿದ್ದಾಳೆ, ನಾನು ಒಬ್ಬ ಅಂಗಡಿ ಹುಡುಗನ ಮುಂದೆ ಸುಳ್ಳು ಹೇಳಿ ಬಂದೆನಲ್ಲ ಎಂದು ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಮುಂದಿನ ಸಲ ಬೆಂಗಳೂರಿಗೆ ಹೋದವಳು ಅದೇ ಅಂಗಡಿಗೆ ಹೋದೆ. ಅದೇ ಹುಡುಗ. ನನ್ನ ಗುರುತು ಸಿಕ್ಕಿ, "ಮೊಮ್ಮಗ ಏನಂದ ಆಂಟಿ?" ಎಂದ. "ಮೊಮ್ಮಗ ಇಲ್ಲಪ್ಪ. ನನಗೇ ಬೇಕಾದ್ದು" ಎಂದೆ. ನಾಲ್ಕು ಪದದ ಮಾತು, ಮೊಣಕಾಲು ನಡುಗಿತು. ಅವನು ನಗುತ್ತಾನೆಂದುಕೊಂಡಿದ್ದೆ. ನಗಲಿಲ್ಲ. ಸ್ಟೂಲು ಎಳೆದು ಹಾಕಿ, ಲ್ಯಾಪ್‌ಟಾಪಿಗೆ ಸಿಕ್ಕಿಸಿ, "ಬಾರಿಸಿ ನೋಡಿ" ಎಂದ.

ನೋಟ್‌ಬುಕ್ ತೆಗೆದು ಒಂದೊಂದಾಗಿ ಪರೀಕ್ಷೆ ಮಾಡಿದೆ. ಕಿರುಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸದ್ದು ಬರುತ್ತದೆಯೇ? ಮೂಲೆಯ ಮನೆಗೂ ನಡುವಿನ ಮನೆಗೂ ಒಂದೇ ಸಮವೇ? ಒಂದನ್ನು ಹೊಡೆದರೆ ಪಕ್ಕದ್ದು ತಾನೂ ಮಾತಾಡುತ್ತದೆಯೇ? ಬೇಗಬೇಗ ಎರಡು ಬೆರಳಿನಿಂದ ಉರುಳಿಸಿದರೆ ನಡುವೆ ಪೆಟ್ಟು ಕಳೆದುಹೋಗುತ್ತದೆಯೇ? ಕೊನೆಗೆ ಆರಿಸಿದ್ದು ಅಕಾಯ್ ಎಂಪಿಡಿ 218. ಹದಿನಾರು ಮನೆ; ಗುಂಡಿ ಒತ್ತಿದರೆ ಅವೇ ಮನೆಗಳು ಇನ್ನೆರಡು ಸಲ ಬೇರೆಯಾಗಿ ಒಟ್ಟು 48 ಆಗುತ್ತವೆ. ತಿರುಗಿಸಲು ಆರು ತಿರುಪು. ಬೇರೆ ಕರೆಂಟು ಬೇಡ, ಯುಎಸ್‌ಬಿ ತಂತಿಯಿಂದಲೇ ಸಾಕು. ಮನೆಗಳು ದಪ್ಪ, ತುಸು ಗಟ್ಟಿ. ಕೆಲವರಿಗೆ ಅದು ಹಿಡಿಸಲಿಕ್ಕಿಲ್ಲ. ಬೆರಳು ಬರೀ ಜಾರಿಸುವವರಿಗೆ ಮೆದು ಮನೆಯೇ ಚೆನ್ನ. ತಟ್ಟಿ ಗೊತ್ತಿರುವ ಕೈಗೆ ಈ ಗಟ್ಟಿತನ ಹಿತವಾಯಿತು. ಹೆಬ್ಬೆರಳಿಗೆ ರಜಾ ಕೊಟ್ಟು ಉಳಿದ ಬೆರಳುಗಳಲ್ಲೇ ಬಾರಿಸಿ ನೋಡಿದೆ, ನೋಯಲಿಲ್ಲ.

ಮನೆಗೆ ತಂದ ಮೇಲೆ ಇನ್ನೊಂದು ಕಾಟ. ತಟ್ಟಿದ್ದು ಈಗ, ಕೇಳುವುದು ಆಮೇಲೆ. ಪ್ಯಾಡಿನದೇ ದೋಷವೆಂದು ಅಳು ಬಂತು. ಮಗಳು ಫೋನಿನಲ್ಲಿ ವಿವರಿಸಿದಳು: ಕಂಪ್ಯೂಟರು ಸದ್ದನ್ನು ಬಿಡಿಬಿಡಿಯಾಗಿ ಕಳಿಸದೆ ಚೀಲ ತುಂಬಿಸಿ ಕಳಿಸುತ್ತದೆ. ಚೀಲ ದೊಡ್ಡದಿದ್ದಷ್ಟೂ ತಡ. ಇದು ನನಗೆ ಹೇಳಿಕೊಡಬೇಕೇ? ಟಪಾಲು ಚೀಲ ತುಂಬುವ ತನಕ ಕಾಯುವುದು ನನ್ನ ಜನ್ಮದ ಕಸುಬು! ಸೆಕೆಂಡಿಗೆ 44,100 ಚೂರುಗಳ ಲೆಕ್ಕದಲ್ಲಿ 1024ರ ಚೀಲವಾದರೆ ಅದೊಂದರಿಂದಲೇ 23 ಮಿಲಿಸೆಕೆಂಡು ತಡ. 128ಕ್ಕೆ ಇಳಿಸಿದರೆ ಮೂರೇ ಮಿಲಿಸೆಕೆಂಡು. ಒಂದು ಮೀಟರು ದೂರದ ಮದ್ದಳೆಯ ಸದ್ದು ಕಿವಿಗೆ ಬರಲು ತೆಗೆದುಕೊಳ್ಳುವಷ್ಟು ಹೊತ್ತು. ವಿಂಡೋಸ್ ಕಂಪ್ಯೂಟರಿಗೆ ಆಸಿಯೋ ಎಂಬ ಬಗೆಯ ಡ್ರೈವರನ್ನೂ ಹಾಕಿಕೊಟ್ಟಳು. ತಂತಿಯಿಲ್ಲದ ಬ್ಲೂಟೂತ್ ಇಯರ್‌ಫೋನನ್ನಂತೂ ಕಿತ್ತೊಗೆ ಎಂದಳು. ಅದರ ತಡ ಸಾಮಾನ್ಯವಾಗಿ ನೂರು ಮಿಲಿಸೆಕೆಂಡಿಗೂ ಹೆಚ್ಚು. ತಂತಿಯದ್ದು ಹಾಕಿದೆ. ಬೆರಳೂ ಸದ್ದೂ ಒಟ್ಟಿಗೆ ಸೇರಿದವು. ಆ ಕ್ಷಣದ ಸುಖ ಹೇಳಲಾರೆ.

ಇನ್ನು ಮನೆಗಳಲ್ಲಿ ಕೂರಿಸಲು ಸದ್ದು ಬೇಕಿತ್ತು. ಕಂಪ್ಯೂಟರಿನಲ್ಲಿ ಸಿಕ್ಕುವ ತಬಲಾ, ಡ್ರಮ್ಮು ಚೆನ್ನಾಗಿಯೇ ಇದ್ದವು, ಆದರೆ ನನ್ನವಲ್ಲ. ದೊಡ್ಡಪ್ಪ ಹೋಗಿ ಬಹಳ ವರ್ಷವಾಯಿತು. ಅವರ ಮದ್ದಳೆಯನ್ನು ಅಣ್ಣ ಊರಿನ ತಾಳಮದ್ದಳೆ ಕೂಟಕ್ಕೆ ಕೊಟ್ಟಿದ್ದ. ಹೊಸ ಮುಚ್ಚಿಗೆ ಹಾಕಿಸಿ ಒಬ್ಬ ಎಳೆಯ ಹುಡುಗ ಅದನ್ನು ನುಡಿಸುತ್ತಾನೆ. ಊರಿಗೆ ಹೋಗಿ, "ನಿನ್ನ ಪೆಟ್ಟುಗಳನ್ನು ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತೇನೆ" ಎಂದು ಕೇಳಿದೆ. ಕಿಟಕಿ ಬಾಗಿಲು ಮುಚ್ಚಿ, ಸುತ್ತ ಹಾಸಿಗೆ ಒಟ್ಟಿ ಸಿದ್ಧ ಮಾಡಿದೆವು. ಹುಡುಗ ಮದ್ದಳೆಗೆ ಶ್ರುತಿ ಕೊಟ್ಟು ನನ್ನ ಮುಂದೆ ತಳ್ಳಿ, "ಅತ್ತೆ, ನೀವೇ ಬಾರಿಸಿ, ನಿಮ್ಮ ಕೈಯದ್ದೇ ಇರಲಿ" ಎಂದ.

ಐವತ್ತೊಂದು ವರ್ಷದ ಮೇಲೆ ಅದರ ಮೇಲೆ ಕೈ ಇಟ್ಟೆ. ಒಂದೊಂದು ಪೆಟ್ಟನ್ನೂ ಮೂರು ಸಲ: ಮೆಲ್ಲಗೆ, ಹದವಾಗಿ, ಜೋರಾಗಿ. ಅಣ್ಣ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಮುಗಿದ ಮೇಲೆ, "ದೊಡ್ಡಪ್ಪ ನನಗೆ ಸುಮ್ಮನೆ ಎರಡು ವರ್ಷ ಹೊಡೆದರು" ಎಂದ. ಇಬ್ಬರೂ ನಕ್ಕೆವು. ಅವನಿಗೂ ಆ ಮದ್ದಳೆ ಬೇಡದ ಹೊರೆಯಾಗಿತ್ತೆಂದು ನನಗೆ ಅಂದೇ ಹೊಳೆದದ್ದು.

ಮನೆಗೆ ಬಂದು ಒಂದೊಂದು ಸದ್ದಿನ ತಲೆಯಲ್ಲಿದ್ದ ಮೌನವನ್ನು ಕತ್ತರಿಸಿ (ಇದನ್ನು ಮರೆತರೆ ಮತ್ತೆ ತಡವೆನಿಸುತ್ತದೆ), ರೀಪರ್ ಎಂಬ ಸಾಫ್ಟ್‌ವೇರಿನಲ್ಲಿ ಮನೆ ಮನೆಗೆ ಕೂರಿಸಿದೆ. ಮೆಲ್ಲಗೆ ತಟ್ಟಿದರೆ ಮೆಲ್ಲಗಿನ ಪೆಟ್ಟು, ಜೋರಾಗಿ ತಟ್ಟಿದರೆ ಜೋರಿನದು ಬರುವಂತೆ. ಉಳಿದ ಮನೆಗಳಿಗೆ ಅಕ್ಕಿಯ ಮರದ ಬೆನ್ನು, ಕವುಚಿಟ್ಟ ಕೊಡಪಾನ, ಒನಕೆಯ ಒಂದು ಕುಟ್ಟು. ಆಫೀಸಿನ ಮೊಹರಿನ ಸದ್ದೊಂದು ಸಿಕ್ಕಿದ್ದರೆ ಸೇರಿಸುತ್ತಿದ್ದೆ.

ಹೀಗೆ ಮೂರು ತಿಂಗಳು ರಾತ್ರಿ ಹತ್ತರ ಮೇಲೆ ಇಯರ್‌ಫೋನ್ ಹಾಕಿಕೊಂಡು ಬಾರಿಸಿದೆ. ಒಂದು ರಾತ್ರಿ ಮನೆಯವರು ನೀರಿಗೆಂದು ಎದ್ದು ಬಂದವರು ನೋಡುತ್ತ ನಿಂತರು. "ನಿನ್ನನ್ನು ನೋಡಿದರೆ ಯಾರೋ ಗಾಜಿನಾಚೆ ಬಾರಿಸುತ್ತಿದ್ದಂತೆ ಕಾಣುತ್ತದೆ. ಏನೂ ಕೇಳುವುದಿಲ್ಲವಲ್ಲ" ಎಂದರು. ಅವರು ಹೋದ ಮೇಲೂ ಆ ಮಾತು ಹೋಗಲಿಲ್ಲ. ನಾನು ಆರಿಸಿದ್ದು ಯಾರಿಗೂ ಕೇಳದ ವಾದ್ಯ. ಬಾಗಿಲ ಸಂದಿಯಿಂದ ಹೊರಬಂದೆ ಎಂದುಕೊಂಡವಳು ಬಾಗಿಲನ್ನೂ ಜೊತೆಗೇ ಎತ್ತಿಕೊಂಡು ಬಂದಿದ್ದೆನೇನೋ.

ಮರುದಿನ ಸಂಜೆ, ಅತ್ತೆಗೆ ಗಂಜಿ ಕುಡಿಸಿಯಾದ ಮೇಲೆ, ಅವರು ಎಚ್ಚರವಿದ್ದಾಗಲೇ ಮಣೆಯನ್ನು ಅವರ ಕೋಣೆಗೆ ತಂದು ಮೇಜಿನ ಮೇಲಿಟ್ಟೆ. ಇಯರ್‌ಫೋನ್ ಕಿತ್ತು ಮಗಳ ಹಳೆಯ ಸ್ಪೀಕರಿಗೆ ತಂತಿ ಹಾಕಿದೆ. ದೊಡ್ಡಪ್ಪ ಅಣ್ಣನಿಗೆ ಹೇಳಿಕೊಟ್ಟ ಮೊದಲನೆಯ ಪಾಠ ಬಾರಿಸಿದೆ, ಮೆಲ್ಲಗೆ, ಹೆದರಿಕೊಂಡೇ. ಅತ್ತೆ ಕಣ್ಣು ಮುಚ್ಚಿಕೊಂಡೇ ಇದ್ದರು. ಸಿಟ್ಟು ಬಂತೇನೋ ಎಂದು ಕೈ ನಿಲ್ಲಿಸಿದೆ.

"ಯಾಕೆ ನಿಲ್ಲಿಸಿದೆ? ಸ್ವಲ್ಪ ಜೋರಾಗಿ ಬಾರಿಸೇ, ನನಗೆ ಕಿವಿ ಮಂದ" ಎಂದರು.

ತಿರುಪು ತಿರುಗಿಸಿ ಸದ್ದು ಹೆಚ್ಚಿಸಿದೆ. ಪಕ್ಕದ ಮನೆಯವರು ಕಿಟಕಿ ತೆರೆದದ್ದು ಕೇಳಿಸಿತು. ಕೇಳಲಿ ಎಂದುಕೊಂಡು ಎರಡನೆಯ ಪಾಠಕ್ಕೆ ಹೋದೆ.